ನಾಲ್ಕು ತಾಲ್ಲೂಕುಗಳಿಗೂ ಒಂದು ಕೊಲಂಬೊ ಕಪ್ ಬೇಕು
ಮಧುಗಿರಿ ಶೈಕ್ಷಣಿಕ ಜಿಲ್ಲೆಯ ದೈಹಿಕ ಶಿಕ್ಷಣ ಶಿಕ್ಷಕರಿಗೆ ಬಹಿರಂಗ ಪತ್ರ

ಮಾನ್ಯ ಮೇಷ್ಟ್ರುಗಳೇ, ಮೇಡಂಗಳೇ,

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ನಮ್ಮದೊಂದು ಶೈಕ್ಷಣಿಕ ಜಿಲ್ಲೆ. ಈ ನಾಲ್ಕರ ಲೆಕ್ಕ ಕೇಳಿದಾಗಲೆಲ್ಲ ನನಗೆ ಕೊಲಂಬೊ ಕಪ್ ನೆನಪಾಗುತ್ತದೆ. ಅದರ ಕಥೆ ಹೇಳಿ ನಿಮ್ಮ ಮುಂದೊಂದು ಬೇಡಿಕೆ ಇಡುತ್ತೇನೆ.

1952ರಲ್ಲಿ ಭಾರತ, ಪಾಕಿಸ್ತಾನ, ಬರ್ಮಾ, ಸಿಲೋನ್ ಸೇರಿ ಒಂದು ಫುಟ್‌ಬಾಲ್ ಟೂರ್ನಿ ಹೂಡಿದವು. ನಾಲ್ಕೂ ಬ್ರಿಟಿಷರಿಂದ ಬಿಡುಗಡೆಯಾಗಿ ಐದು ವರ್ಷವೂ ತುಂಬಿರದ ದೇಶಗಳು. ವಿಭಜನೆಯ ಗಾಯ ಇನ್ನೂ ಹಸಿಯಾಗಿತ್ತು. ಆದರೂ ಭಾರತ, ಪಾಕಿಸ್ತಾನಗಳ ಹುಡುಗರು ಒಂದೇ ಮೈದಾನಕ್ಕಿಳಿದರು. ಮೊದಲ ವರ್ಷ ಕೊಲಂಬೊ, ಆಮೇಲೆ ರಂಗೂನ್, ಕಲ್ಕತ್ತ, 1955ರಲ್ಲಿ ಢಾಕಾ. ಆತಿಥ್ಯ ಸರದಿಯ ಮೇಲೆ. ನಾಲ್ಕು ಸಲವೂ ಕಪ್ ಭಾರತಕ್ಕೇ ಬಂತು, ಮೊದಲ ಸಲ ಪಾಕಿಸ್ತಾನದ ಜೊತೆ ಹಂಚಿಕೊಂಡು.

ಗೆಲುವಿಗಿಂತ ನನ್ನನ್ನು ಹಿಡಿದದ್ದು ಅವರ ಆಟದ ಕ್ರಮ. ಅದು ಲೀಗ್. ಪ್ರತಿ ತಂಡವೂ ಉಳಿದ ಮೂರರ ಎದುರು ಆಡಲೇಬೇಕು. ನಮ್ಮ ಹೋಬಳಿ, ತಾಲ್ಲೂಕು ಕ್ರೀಡಾಕೂಟಗಳಲ್ಲಿ ಸಾಮಾನ್ಯವಾಗಿ ನಾಕೌಟ್. ಬೆಳಿಗ್ಗೆ ಹತ್ತಕ್ಕೆ ಸೋತ ಮಕ್ಕಳು ಮಧ್ಯಾಹ್ನದ ಬಸ್ಸಿಗೆ ಊರಿಗೆ ವಾಪಸ್. ಒಂದೇ ಪಂದ್ಯದಲ್ಲಿ ಯಾವ ಮಗು ಏನು ಕಲಿತೀತು?

ಶೂ ಇಲ್ಲವೆಂದು ಯಾರನ್ನೂ ಹೊರಗೆ ನಿಲ್ಲಿಸಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಬೆಂಗಳೂರಿನ ಅಹಮದ್ ಖಾನ್ ಇದ್ದ ಭಾರತ ತಂಡದಲ್ಲಿ 1948ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಫ್ರಾನ್ಸ್ ಎದುರು ಸೋತದ್ದು 1-2ರಿಂದ, ಅದೂ ಎರಡು ಪೆನಾಲ್ಟಿ ಕೈತಪ್ಪಿದ ಮೇಲೆ. ಭಾರತದ ಆ ಒಂದು ಗೋಲು ಹೊಡೆದವರೂ ಮೈಸೂರು ಸಂಸ್ಥಾನದವರೇ, ಸಾರಂಗಪಾಣಿ ರಾಮನ್. 1951ರ ಮಾರ್ಚ್ 10ರಂದು ದೆಹಲಿಯಲ್ಲಿ ಮೇವಾಲಾಲ್ ಗೋಲಿನಿಂದ ಇರಾನ್ ಮಣಿಯಿತು; ಮೊದಲ ಏಷ್ಯನ್ ಕ್ರೀಡಾಕೂಟದ ಚಿನ್ನ ನಮ್ಮದಾಯಿತು.

ಹಾಗೆಂದು ಬರಿಗಾಲನ್ನು ಹಾಡಿ ಹೊಗಳಲಾರೆ. ಮರುವರ್ಷವೇ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ 10-1ರಿಂದ ನಮ್ಮನ್ನು ಸೋಲಿಸಿತು. ಆ ಒಂದು ಗೋಲು ಅಹಮದ್ ಖಾನ್ ಅವರದು. ಬೂಟು ಕಡ್ಡಾಯವಾದದ್ದು ಆ ಸೋಲಿನ ನಂತರ. ಬರಿಗಾಲಲ್ಲಿ ಶುರುಮಾಡಿದ ಮಗುವಿಗೆ ಮುಂದೆ ಬೂಟು ಕೊಡಿಸುವ ಹೊಣೆ ದೊಡ್ಡವರಾದ ನಮ್ಮದು. ಆಯಾ ಊರಿನ ದಾನಿಗಳು, ಹಳೆಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಇದು ಆಗದ ಕೆಲಸವಲ್ಲ.

ನನ್ನ ಬೇಡಿಕೆ ಇಷ್ಟು. ತಾಲ್ಲೂಕಿಗೊಂದು ಬಾಲಕರ ತಂಡ, ಒಂದು ಬಾಲಕಿಯರ ತಂಡ ಕಟ್ಟಿ. ಲೀಗ್ ಆಡಿಸಿ. ಬಾಲಕರಿಗೆ ಆರು ಪಂದ್ಯ, ಬಾಲಕಿಯರಿಗೆ ಆರು. ಮೂರು ದಿನ ಧಾರಾಳವಾಗಿ ಸಾಕು. ವರ್ಷಕ್ಕೊಂದು ತಾಲ್ಲೂಕಿನ ಆತಿಥ್ಯವಿರಲಿ. ಮೊದಲ ಸರದಿ ಪಾವಗಡಕ್ಕೆ ಕೊಡಿ. ಜಿಲ್ಲಾ ಮಟ್ಟದ ಆಟವೆಂದರೆ ಆ ಮಕ್ಕಳೇ ದೂರದೂರಿಗೆ ಬಸ್ಸು ಹತ್ತಬೇಕು. ಒಮ್ಮೆ ಉಳಿದ ಮೂರು ತಾಲ್ಲೂಕಿನವರು ಅವರೂರಿಗೆ ಹೋಗಿ ಆಡಲಿ.

ಇಂತಿ,
ನಿಮ್ಮ ಸೀಮೆಯ ಒಬ್ಬ ಫುಟ್‌ಬಾಲ್ ಅಭಿಮಾನಿ