ಬದುವಿನ ಮೇಲೆ ಜೋಲಿ ಹೋಗದಂತೆ

ಎಡವುವುದರಲ್ಲಿ ಎರಡು ಬಗೆ. ಕಲ್ಲಿದ್ದಲ್ಲಿ ಎಡವುವುದು ಒಂದು, ಕಲ್ಲೇ ಇಲ್ಲದಲ್ಲಿ ಎಡವುವುದು ಇನ್ನೊಂದು. ಮೊದಲನೆಯದಕ್ಕೆ ಜನ ಕಲ್ಲನ್ನು ಬೈಯುತ್ತಾರೆ. ಎರಡನೆಯದಕ್ಕೆ ಎಡವಿದವನನ್ನೇ ಹಿಡಿದು, "ಕಣ್ಣು ಎಲ್ಲಿ ಇಟ್ಟೀಯಲೇ?" ಎಂದು ಕೇಳುತ್ತಾರೆ. ಶರೀರಶಾಸ್ತ್ರದ ಪ್ರಕಾರ ಈ ಪ್ರಶ್ನೆ ಮೂರರಲ್ಲಿ ಒಂದು ಪಾಲು ಮಾತ್ರ ಸರಿ. ಮನುಷ್ಯ ನೆಟ್ಟಗೆ ನಿಲ್ಲಲು ಮೂರು ಕಡೆಯಿಂದ ವರದಿ ಬರಬೇಕು. ಒಂದನ್ನು ಕಣ್ಣು ಕಳಿಸುತ್ತದೆ. ತಲೆ ತಿರುಗಿದ್ದನ್ನೂ ವಾಲಿದ್ದನ್ನೂ ಒಳಗಿವಿಯ ಅರೆವೃತ್ತ ನಾಳಗಳು ಮತ್ತು ಅಲ್ಲಿಯ ಸುಣ್ಣದ ಸಣ್ಣ ಹರಳುಗಳು ತಿಳಿಸುತ್ತವೆ. ಕಾಲು ಎಲ್ಲಿದೆ, ಹೇಗಿದೆ ಎಂಬ ಸುದ್ದಿ ಅಂಗಾಲು, ಕೀಲು, ಸ್ನಾಯುಗಳಿಂದ ಬರುತ್ತದೆ. ಮೂರನ್ನೂ ತಾಳೆ ನೋಡಿ, ತಪ್ಪಿದ್ದನ್ನು ಕ್ಷಣದಲ್ಲಿ ತಿದ್ದುವುದರಲ್ಲಿ ಕಿರುಮೆದುಳಿನ ಪಾಲು ದೊಡ್ಡದು. ಅದು ಇರುವುದು ತಲೆಯ ಹಿಂಭಾಗದಲ್ಲಿ, ಹಿರಿಯರು ಎಡವಟ್ಟರಿಗೆ ಏಟು ಹಾಕುವ ಜಾಗದಲ್ಲೇ.

ಈ ಮೂರೂ ವರದಿಗಳ ಪರೀಕ್ಷೆ ಒಟ್ಟಿಗೆ ನಡೆಯುವ ಜಾಗವೆಂದರೆ ನೀರು ಕಟ್ಟಿದ ಗದ್ದೆಯ ಬದು. ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಪೋತ್ನಾಳದ ಸೀಮೆಯಲ್ಲಿ ಇಂಥ ಬದುಗಳಿಗೆ ಬರವಿಲ್ಲ. ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಮೇಲೆ ಇಲ್ಲಿಯ ಎರೆ ಹೊಲಗಳಲ್ಲಿ ಭತ್ತ ನಿಂತಿತು. ಭತ್ತ ನಿಂತಲ್ಲಿ ಮನುಷ್ಯ ನಿಲ್ಲುವುದು ಕಷ್ಟವಾಯಿತು. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಮೇಲೆ ಜಾರುತ್ತದೆ, ಕೆಳಗೆ ಅಂಟುತ್ತದೆ. ಹತ್ತು ಹೆಜ್ಜೆ ಹಾಕುವುದರೊಳಗೆ ಚಪ್ಪಲಿಯ ಕೆಳಗೆ ಇನ್ನೊಂದು ಚಪ್ಪಲಿ ಬೆಳೆದಿರುತ್ತದೆ. ಅಂಗಾಲಿಗೆ ನೆಲ ಸಿಗುವುದಿಲ್ಲ, ಮೂರನೆಯ ವರದಿ ನಿಂತುಹೋಗುತ್ತದೆ.

ಬೆಂಗಳೂರಿನಿಂದ ಹಬ್ಬಕ್ಕೆ ಬಂದು, ಬೂಟು ಹಾಕಿಕೊಂಡೇ ಗದ್ದೆ ನೋಡಲು ಹೊರಟ ಅಳಿಯ ಈ ವಿಷಯದಲ್ಲಿ ಮಾದರಿ ಪ್ರಾಣಿ. ಮುಂದೆ ಹೋಗುವ ಹೆಂಡತಿಯ ತಮ್ಮ "ಮೆಲ್ಲಕ ಬರ್ರೀ ಮಾಮಾ, ಜಾರತದ" ಎನ್ನುತ್ತಾನೆ. ಮಾಮ ಕೂಡಲೇ ತಲೆ ಬಗ್ಗಿಸಿ ತನ್ನ ಬೂಟನ್ನೇ ದಿಟ್ಟಿಸತೊಡಗುತ್ತಾನೆ. ಇಲ್ಲೇ ಎಡವಟ್ಟು. ನಾಲ್ಕೈದು ಕಿಲೋ ತೂಗುವ ತಲೆ ಮುಂದಕ್ಕೆ ಬಾಗಿದರೆ ಮೈಯ ಭಾರವೂ ಮುಂದಕ್ಕೆ ಸರಿಯುತ್ತದೆ. ಅದೂ ಅಲ್ಲದೆ, ಇಟ್ಟಾದ ಹೆಜ್ಜೆಯನ್ನು ನೋಡಿ ತಿದ್ದಲು ಬರುವುದಿಲ್ಲ. ನುರಿತ ನಡಿಗೆಯಲ್ಲಿ ಕಣ್ಣು ಸುಮಾರು ಎರಡು ಹೆಜ್ಜೆ ಮುಂದಿರುತ್ತದೆ, ಕಾಲು ಹಿಂದಿನಿಂದ ಬಂದು ಆ ಜಾಗ ಹಿಡಿಯುತ್ತದೆ. ಊರಿನವರು ಇದನ್ನು ಯಾರಿಗೂ ವಿವರಿಸುವುದಿಲ್ಲ. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಮೊಣಕಾಲು ತುಸು ಸಡಿಲಿಸಿ, ಬೆರಳುಗಳನ್ನು ಮಣ್ಣಿಗೆ ಊರುತ್ತಾ ಹೋಗಿಬಿಡುತ್ತಾರೆ. ಎರಡೂ ಕೈಗಳಲ್ಲಿ ಒಂದೊಂದು ಚಪ್ಪಲಿ ಹಿಡಿದು ತೋಳು ಚಾಚಿದರೆ ದೊಂಬರಾಟದ ಕೋಲಿನ ಕೆಲಸವೂ ಅಷ್ಟಿಷ್ಟು ಆಗುತ್ತದೆ.

ಮುಂದಕ್ಕೆ ನಡೆಯುವುದೇ ಕಷ್ಟವಾದ ಈ ಕೆಸರಿನಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳು ದಿನವಿಡೀ ಹಿಂದಕ್ಕೆ ನಡೆಯುತ್ತಾರೆ. ಸೊಂಟ ಬಗ್ಗಿಸಿ, ಎಡಗೈಯಲ್ಲಿ ಸಸಿ ಹಿಡಿದು, ಬಲಗೈಯಿಂದ ಊರುತ್ತಾ, ನಡುವೆ ಪಕ್ಕದವಳಿಗೆ ಉತ್ತರವನ್ನೂ ಕೊಡುತ್ತಾ ಹಿಂದೆ ಸರಿಯುತ್ತಾರೆ. ಹಿಂದೆ ಏನಿದೆಯೆಂದು ಕಣ್ಣು ಹೇಳದು, ಹಿಮ್ಮಡಿಯೇ ಹೇಳಬೇಕು. ಹಿಂದಕ್ಕೆ ನಡೆಯುವ ವಿದ್ಯೆಗೆ ಜಗತ್ತಿನಲ್ಲಿ ಪ್ರಶಸ್ತಿಯೂ ಉಂಟು, ಆದರೆ ಅದು ಇವರಿಗೆ ಬಂದಿಲ್ಲ. ಕಾಫಿ ಕಪ್ಪು ಹಿಡಿದು ಹಿಂದಕ್ಕೆ ನಡೆದರೆ ಒಳಗಿನ ಕಾಫಿ ಹೇಗೆ ಕುಲುಕುತ್ತದೆಂದು ಅಭ್ಯಾಸ ಮಾಡಿದ ಕೊರಿಯಾದ ವಿದ್ಯಾರ್ಥಿಗೆ 2017ರಲ್ಲಿ, ನಗಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಸಿಕ್ಕಿತು. ಅದಕ್ಕೂ ಮೊದಲು, 2012ರಲ್ಲಿ, ಕ್ಯಾಲಿಫೋರ್ನಿಯಾದ ಸಂಶೋಧಕರಿಬ್ಬರು ಕಾಫಿ ಚೆಲ್ಲುವುದರ ಮೂಲ ಕಾರಣ ಹೇಳಿದ್ದರು. ಕಪ್ಪಿನೊಳಗಿನ ದ್ರವ ತೂಗುವ ಲಯಕ್ಕೂ ಮನುಷ್ಯನ ಹೆಜ್ಜೆಯ ಲಯಕ್ಕೂ ಹೆಚ್ಚು ಅಂತರವಿಲ್ಲ. ಹಾಗಾಗಿ ಒಂದೊಂದು ಹೆಜ್ಜೆಯೂ ಅಲೆಯನ್ನು ಎತ್ತರಿಸುತ್ತಾ ಹೋಗುತ್ತದೆ. ಮನೆಯಲ್ಲಿ ಬೀಗರ ಮುಂದೆ ಚಾ ಚೆಲ್ಲುವವರಿಗೆ ಇದು ದೊಡ್ಡ ಸಮಾಧಾನ. ಪರಿಹಾರ ಸರಳ: ಕಪ್ಪಿನಲ್ಲಿ ಬೆರಳಿನಷ್ಟು ಜಾಗ ಬಿಡಬೇಕು, ದಾಪುಗಾಲು ಬಿಡಬೇಕು. ಚಾದಂಗಡಿಯ ಹುಡುಗರ ತಂತಿಯ ಹಿಡಿಕೆಯ ಸ್ಟ್ಯಾಂಡು ಇನ್ನೂ ಜಾಣ ಉಪಾಯ. ತೂಗಾಡುವ ಗ್ಲಾಸು ತಾನೇ ವಾಲಿಕೊಳ್ಳುವುದರಿಂದ ಚಾ ಅಂಚು ದಾಟುವುದಿಲ್ಲ.

ತಲೆಯ ಮೇಲೆ ಕೊಡ ಹೊರುವುದು ಇನ್ನೂ ಮೇಲಿನ ತರಗತಿ. ಸಿಂಬಿಯ ಮೇಲೆ ಕೊಡ ಕೂತ ಮೇಲೆ ಕುತ್ತಿಗೆ ಅಲುಗುವಂತಿಲ್ಲ. ನಡಿಗೆಯ ಏರಿಳಿತವನ್ನೆಲ್ಲ ಸೊಂಟ, ಮೊಣಕಾಲುಗಳೇ ನುಂಗಬೇಕು. ಕೀನ್ಯಾದ ಹೆಂಗಸರು ತಮ್ಮ ತೂಕದ ಐದನೇ ಒಂದು ಭಾಗದಷ್ಟನ್ನು ತಲೆಯ ಮೇಲೆ ಹೊತ್ತರೂ ಹೆಚ್ಚಿನ ಶಕ್ತಿ ವ್ಯಯವಾಗುವುದಿಲ್ಲವೆಂದು 1986ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿಯಾಗಿತ್ತು. ಈಗ ಶುದ್ಧ ನೀರಿನ ಘಟಕದ 20 ಲೀಟರಿನ ಕ್ಯಾನು ಬೈಕಿನ ಮೇಲೆ ಬರುತ್ತದೆ. ತಲೆಗೆ ಆರಾಮವಾಯಿತು; ಬ್ಯಾಲೆನ್ಸಿನ ಜವಾಬ್ದಾರಿ ಬೈಕಿಗೆ ಹೋಯಿತು.

ಕೈಕಾಲುಗಳ ಹೊಂದಾಣಿಕೆ ಬೇರೆಯೇ ಪಾಠ, ಅದಕ್ಕೆ ರಾಯಚೂರು ಜಿಲ್ಲೆಯ ಮೊಹರಂಗಿಂತ ಒಳ್ಳೆಯ ಶಾಲೆ ಸಿಗಲಾರದು. ಅಲಾಯಿ ಕುಣಿ ಎಂಬ ಬೆಂಕಿಗುಂಡಿಯ ಸುತ್ತ ಹಲಗೆಯ ಏಟಿಗೆ ಗುಂಪಾಗಿ ಹೆಜ್ಜೆ ಹಾಕುವಾಗ ಜಾತಿ, ಮತ ಯಾರೂ ಕೇಳುವುದಿಲ್ಲ. ಹೆಜ್ಜೆ ತಪ್ಪಿದರೆ ಮಾತ್ರ ಕೇಳುತ್ತಾರೆ. ಹೊಸಬ ಮೊದಲು ಎಡಗಾಲಿನ ಜಾಗದಲ್ಲಿ ಬಲಗಾಲು ಇಟ್ಟು ಪಕ್ಕದವನ ಬೆರಳು ತುಳಿಯುತ್ತಾನೆ. ಲಯ ಕಿವಿಯಿಂದ ಕಾಲಿಗೆ ಇಳಿದ ಮೇಲೆ ಲೆಕ್ಕ ಇಡುವುದನ್ನು ಬಿಡುತ್ತಾನೆ, ತುಳಿಯುವುದೂ ನಿಲ್ಲುತ್ತದೆ. ಮೊದಲು ನಿಧಾನ, ಆಮೇಲೆ ವೇಗ, ನಡುವೆ ಒಳ್ಳೆಯ ನಿದ್ದೆ: ಚಲನೆಯ ಕಲಿಕೆಗೆ ವಿಜ್ಞಾನ ಹೇಳುವ ಕ್ರಮವೂ ಇಷ್ಟೇ.

ಗದ್ದೆ, ಹಲಗೆ ಎರಡೂ ಇಲ್ಲದವರು ಗೋಡೆಯ ಪಕ್ಕ ಒಂಟಿ ಕಾಲಿನಲ್ಲಿ ನಿಂತು ಹಲ್ಲುಜ್ಜಬಹುದು. ಫರಸಿ ಕಲ್ಲುಗಳ ನಡುವಿನ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸುತ್ತಾ ನಡೆಯಬಹುದು. ಅದು ಕೈವಶವಾದ ಮೇಲೆ ಕಣ್ಣು ಮುಚ್ಚಿ ನಿಲ್ಲಬಹುದು. ಪಾದ ಜೋಡಿಸಿ ಕಣ್ಣು ಮುಚ್ಚಿಸುವ ರೋಂಬರ್ಗ್ ಪರೀಕ್ಷೆಯನ್ನು ವೈದ್ಯರು ಇವತ್ತಿಗೂ ಮಾಡುತ್ತಾರೆ. ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದವರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂಟಿ ಕಾಲಿನಲ್ಲಿ ಹತ್ತು ಸೆಕೆಂಡು ನಿಲ್ಲಲಾರದವರಲ್ಲಿ ಮುಂದಿನ ವರ್ಷಗಳ ಸಾವಿನ ಅಪಾಯ ಹೆಚ್ಚೆಂದು ಕಂಡಿತು. ಇದನ್ನು ಓದಿದ ಕೂಡಲೇ ನಿಂತು ನೋಡುವವರು ಏನನ್ನಾದರೂ ಹಿಡಿದುಕೊಳ್ಳಬೇಕು.

ಎಲ್ಲ ಎಡವಟ್ಟೂ ಅಭ್ಯಾಸಕ್ಕೆ ಬಗ್ಗುವುದಿಲ್ಲ. ಕಿವಿಯ ಹರಳು ಜಾಗ ತಪ್ಪಿದರೆ ಮಗ್ಗಲು ಬದಲಿಸಿದಾಗ ಮನೆ ತಿರುಗುತ್ತದೆ. ಸಕ್ಕರೆ ಕಾಯಿಲೆಯಲ್ಲೂ ಬಿ12 ಕೊರತೆಯಲ್ಲೂ ಪಾದ ಮರಗಟ್ಟುತ್ತದೆ. ಚಪ್ಪಲಿ ಕಾಲಿನಿಂದ ಜಾರಿದ್ದೇ ಗೊತ್ತಾಗುವುದಿಲ್ಲ. ನಿನ್ನೆಯವರೆಗೆ ನೆಟ್ಟಗೆ ನಡೆದವರು ಇಂದು ವಾಲತೊಡಗಿದರೆ ವೈದ್ಯರ ಬಳಿ ಹೋಗಬೇಕು. ಮಾತೂ ತೊದಲಿದರೆ ಒಂದು ಗಳಿಗೆಯೂ ತಡಮಾಡಬಾರದು. ಇನ್ನು ಹಳೆಯ ಮಾಳಿಗೆ ಮನೆಯ ಗಿಡ್ಡ ಬಾಗಿಲಿಗೆ ಹಣೆ ಬಡಿಸಿಕೊಳ್ಳುವವರಿಗೆ ಯಾವ ವ್ಯಾಯಾಮವೂ ಬೇಕಿಲ್ಲ, ಬಗ್ಗಿದರೆ ಸಾಕು.