ಬೀರು ಶಬ್ದದ ವ್ಯುತ್ಪತ್ತಿ ಮೀಮಾಂಸೆ

ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಬಾಗಿಲಿನ ಕನ್ನಡಿಯಲ್ಲಿ ಮನೆಮಂದಿಯ ಮುಖವನ್ನು ತೋರಿಸುತ್ತ, ಒಳಗಿನ ಲಾಕರಿನಲ್ಲಿ ಅವರ ಒಡವೆಯನ್ನು ಮುಚ್ಚಿಡುವ ಉಕ್ಕಿನ ಕಪಾಟಿಗೆ ‘ಬೀರು’ ಎಂದು ಹೆಸರು. ಕನ್ನಡದಲ್ಲಿ ಇದೇ ರೂಪದ ಧಾತುವೊಂದಿದ್ದು, ಅದಕ್ಕೆ ಹರಡು, ಚೆಲ್ಲು, ಹಂಚು ಎಂಬ ಅರ್ಥಗಳಿವೆ. ನಗೆ ಬೀರುವುದು, ಪ್ರಭಾವ ಬೀರುವುದು, ಎಳ್ಳು ಬೀರುವುದು ಅದರ ಪ್ರಯೋಗಗಳು. ಹಂಚುವ ಧಾತುವಿನಿಂದ ಬಚ್ಚಿಡುವ ವಸ್ತು ಹುಟ್ಟಿತೆಂದು ಸಾಧಿಸಹೊರಟವರು ವಿಪರೀತಲಕ್ಷಣೆಯನ್ನು, ಅಂದರೆ ಆಡಿದ ಮಾತಿಗೆ ಎದುರಾದ ಅರ್ಥವನ್ನೇ ಹಿಡಿಯುವ ಆಲಂಕಾರಿಕರ ಉಪಾಯವನ್ನು, ಆಶ್ರಯಿಸಬೇಕಾಗುತ್ತದೆ. ಜಿಪುಣನನ್ನು ಕಲಿಯುಗದ ಕರ್ಣನೆನ್ನುವ ನಾಡಿನಲ್ಲಿ ಇದು ಅಸಾಧ್ಯವೇನಲ್ಲ.

ಆದರೆ ಸತ್ಯವು ಇದಕ್ಕಿಂತ ಒರಟಾದುದು. ಹಳೆಯ ಫ್ರೆಂಚಿನಲ್ಲಿ ‘ಬ್ಯುರೆಲ್’ ಎಂದರೆ ಒರಟು ಉಣ್ಣೆಬಟ್ಟೆ, ಕಂಬಳಿಯ ದೂರದ ದಾಯಾದಿ. ಅದನ್ನು ಬರೆಯುವ ಮೇಜಿನ ಮೇಲೆ ಹಾಸುತ್ತಿದ್ದುದರಿಂದ ‘ಬ್ಯೂರೋ’ ಎಂಬ ಹೆಸರು ಮೊದಲು ಮೇಜಿಗೂ, ಮೇಜಿನಿಂದ ಕೋಣೆಗೂ, ಕೋಣೆಯಿಂದ ಕಚೇರಿಗೂ ಅಂಟಿತು. 18ನೆಯ ಶತಮಾನದಲ್ಲಿ ವಿನ್ಸೆಂಟ್ ದ ಗುರ್ನೆ ಎಂಬ ಫ್ರೆಂಚ್ ಅರ್ಥಚಿಂತಕನು ಅದಕ್ಕೆ ಆಳ್ವಿಕೆಯೆಂಬ ಅರ್ಥದ ಗ್ರೀಕ್ ಬಾಲವನ್ನು ಜೋಡಿಸಿ ‘ಬ್ಯೂರೋಕ್ರಸಿ’ ಮಾಡಿದನೆಂದು ಪ್ರತೀತಿ. ಹೀಗಾಗಿ ಅಧಿಕಾರಶಾಹಿಯೂ ಅಜ್ಜಿಯ ಬೀರುವೂ ಸಗೋತ್ರದವು. ಎರಡರಲ್ಲಿಯೂ ಒಳಹೋದದ್ದು ಬೇಗ ಹೊರಬಾರದಿರುವುದಕ್ಕೆ, ಬಂದರೂ ಮಡಿಕೆಯ ಗೆರೆಯಲ್ಲೇ ಹರಿದಿರುವುದಕ್ಕೆ, ವಂಶವಾಹಿನಿಯೇ ಕಾರಣವಿರಬೇಕು.

ಇಂಗ್ಲಿಷರ ಕೈಯಲ್ಲಿ ಡ್ರಾಯರುಗಳುಳ್ಳ ಮೇಜಾಗಿ ಕುಳಿತಿದ್ದ ಪದವು ದಕ್ಷಿಣ ಭಾರತಕ್ಕೆ ಬಂದು ಎದ್ದು ನಿಂತಿತು. 1923ರಲ್ಲಿ ಗೋದ್ರೇಜ್ ಕಂಪನಿ ಉಕ್ಕಿನ ಕಪಾಟು ಮಾಡತೊಡಗಿದ್ದರ ಫಲವಾಗಿ, ಪಕ್ಕದ ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ಹುಟ್ಟಿದ ಕಪಾಟೂ ‘ಗಾಡ್ರೇಜ್ ಬೀರು’ ಎಂಬ ಬಿರುದಿಗೆ ಪಾತ್ರವಾಯಿತು. ನೆರೆಯ ‘ಅಲಮಾರು’ ಪೋರ್ಚುಗೀಸರ ಮೂಲಕ ಬಂದ ಲ್ಯಾಟಿನ್ ಸಂತಾನ, ಮೂಲದಲ್ಲಿ ಆಯುಧ ಸಲಕರಣೆಗಳನ್ನಿಡುವ ಪೆಟ್ಟಿಗೆ. ಈಗ ಅದರಲ್ಲಿ ಉಳಿದಿರುವ ಆಯುಧವೆಂದರೆ ಕಡ್ಡಿ ಮುರಿದ ಕೊಡೆ. ಉಣ್ಣೆಯಿಂದ ಹುಟ್ಟಿದ ಬೀರುವಿನಲ್ಲಿ ಉಣ್ಣೆಯ ಶಾಲನ್ನು ಉಳಿಸಲು ನುಸಿಗುಳಿಗೆ ಇಡಬೇಕಾಗಿ ಬಂದಿರುವುದನ್ನು ಭಾಷಾಶಾಸ್ತ್ರವು ಇನ್ನೂ ಗಮನಿಸಿದಂತಿಲ್ಲ.

ಧಾತುಪಕ್ಷದವರಿಗೆ ಉಳಿದಿರುವುದು ಒಂದೇ ಆಧಾರ. ಸಂಕ್ರಾಂತಿಯ ಸಂಜೆ ಎಳ್ಳು ಬೀರಲು ಹೊರಟ ಹುಡುಗಿಗೆ ರೇಷ್ಮೆ ಲಂಗವೂ ಸರವೂ ಬೇಕಾಗಿ, ಅಜ್ಜಿಯು ಸೊಂಟದ ಬೀಗದಕೈ ತೆಗೆದು ಬೀರುವಿನ ಬಾಗಿಲನ್ನು ಕಿರ್ರೆನಿಸಿದಾಗ ನಾಮಪದವು ಕ್ರಿಯಾಪದಕ್ಕೆ ದಾರಿ ಬಿಡುತ್ತದೆ. ರಾತ್ರಿ ಸರವನ್ನು ಎಣಿಸಿ ಒಳಗಿಟ್ಟು, ಹಿಡಿಯನ್ನು ಎರಡು ಸಲ ಜಗ್ಗಿ ನೋಡುವವರೆಗೆ ಮಾತ್ರ.