ಡಬ್ಬಿ ಏಳವಲ್ದು

ಅಂಗಡಿಯಿಂದ ಇಡಿಯಾಗಿ ತಂದ ಕಂಪ್ಯೂಟರ್ ಕೆಟ್ಟರೆ ಬಯ್ಯುವುದಕ್ಕೆ ಒಂದು ಕಂಪನಿಯಾದರೂ ಇರುತ್ತದೆ. ಬಿಡಿಬಿಡಿಯಾಗಿ ತಂದು ಮನೆಯಲ್ಲೇ ಜೋಡಿಸಿದ್ದಕ್ಕೆ ಆ ಸುಖವೂ ಇಲ್ಲ. ಬೋರ್ಡಿನ ವಾರಂಟಿ ಒಬ್ಬನದು, ರ‍್ಯಾಮಿನದು ಮತ್ತೊಬ್ಬನದು, ಡಿಸ್ಕಿನದು ಮೂರನೆಯವನದು. ಎಲ್ಲರ ವಾರಂಟಿಯೂ ಬದುಕಿದ್ದು ಕಂಪ್ಯೂಟರೊಂದೇ ಸತ್ತಿರಬಹುದು. ಯಾರಿಗೆ ಫೋನ್ ಹಚ್ಚಿದರೂ "ನಮ್ಮ ಮಾಲು ಚಲೋ ಐತ್ರಿ, ಉಳದವ್ರನ್ನ ಕೇಳ್ರಿ" ಎನ್ನುತ್ತಾರೆ. ಕೊನೆಗೆ ಹೊಣೆ ಹೊರಬೇಕಾದವನು ಅದನ್ನು ಜೋಡಿಸಿದವನು. ನಮ್ಮ ಮನೆಯಲ್ಲಿ ಜೋಡಿಸಿದವನು ನನ್ನ ಮಗ. ಜೋಡಿಸಿಟ್ಟು ಬೆಂಗಳೂರಿನ ಬಸ್ಸು ಹತ್ತಿದವನೂ ಅವನೇ.

ಬೋರ್ಡು, ಪ್ರೊಸೆಸರು, ರ‍್ಯಾಮುಗಳನ್ನು ಅವನು ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಬೆನ್ನಚೀಲದಲ್ಲಿ ಹೊತ್ತು ತಂದಿದ್ದ. (ಸಾದರ ಪತ್ರಪ್ಪ ರಸ್ತೆ ಎಂದು ಪೂರ್ತಿ ಹೆಸರು ಹೇಳಿದರೆ ಆಟೊದವನು ಮುಖ ನೋಡುತ್ತಾನೆ.) ಕ್ಯಾಬಿನೆಟ್ಟು ಮತ್ತು ಕರೆಂಟು ಹಂಚುವ ಎಸ್‌ಎಂಪಿಎಸ್‌ ಮಾತ್ರ ಸಾಂಗ್ಲಿಯವು. ಸಾಂಗ್ಲಿ ನಮಗೆ ಪರ ಊರಲ್ಲ. ಸಂಸ್ಥಾನಗಳಿದ್ದ ಕಾಲದಲ್ಲಿ ನಮ್ಮೂರು ತೇರದಾಳ ಸಾಂಗ್ಲಿಗೇ ಸೇರಿತ್ತು. ಸಂಸ್ಥಾನ ಹೋಯಿತು, ಗಡಿ ಬಂತು, ನಮ್ಮ ಅರಿಷಿಣಕ್ಕೆ ಅದ್ಯಾವುದೂ ತಿಳಿಯಲಿಲ್ಲ. ಅದು ಈಗಲೂ ಅಲ್ಲಿನ ಪೇಟೆಯ ದಾರಿ ಹಿಡಿಯುತ್ತದೆ. ಹಾಗೆ ಅರಿಷಿಣ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ನಮ್ಮ ಕ್ಯಾಬಿನೆಟ್ಟು ಊರಿಗೆ ಬಂತು. ಬಿಚ್ಚಿದಾಗ ರಟ್ಟಿನ ಪೆಟ್ಟಿಗೆಯೇ ಹಳದಿಯಾಗಿತ್ತು. ಅವ್ವ ಅದನ್ನು ಶುಭಶಕುನ ಎಂದಳು.

ಪಡಸಾಲೆಯಲ್ಲಿ ಜಮಖಾನ ಹಾಸಿ ಮಗ ಜೋಡಣೆಗೆ ಕುಳಿತಾಗ ಓಣಿಯ ಮಕ್ಕಳೆಲ್ಲ ಸುತ್ತ ಸೇರಿದ್ದರು. ಎಲ್ಲ ಕೂಡಿಸಿದ ಮೇಲೂ ಡಬ್ಬಿಯೊಳಗೆ ಮುಕ್ಕಾಲು ಪಾಲು ಜಾಗ ಖಾಲಿ ಉಳಿದದ್ದು ಅವ್ವನಿಗೆ ಸರಿಬರಲಿಲ್ಲ. "ಇಷ್ಟ ಜಾಗಾದಾಗ ಪಾಯ್ಲಿ ಜ್ವಾಳಾ ಹಿಡೀತಿತ್ತಲ್ಲೋ" ಎಂದಳು. ಗಾಳಿಯಾಡಬೇಕು ಎಂದು ಮೊಮ್ಮಗ ವಿವರಿಸಿದ. ಗಾಳಿಗಾಗಿ ಇಷ್ಟು ಜಾಗ ಬಿಟ್ಟ ಯಂತ್ರವನ್ನು ಅವಳು ಗೌರವದಿಂದ ನೋಡತೊಡಗಿದ್ದು ಆಗಿನಿಂದಲೇ. ಆ ವರ್ಷದ ಖಂಡೆ ಪೂಜೆಗೆ ಟ್ರ್ಯಾಕ್ಟರು, ಈಳಿಗೆ, ಹೊಲಿಗೆ ಮಷಿನ್ನುಗಳ ಸಾಲಿನಲ್ಲಿ ಡಬ್ಬಿಯೂ ಸೇರಿತು. ಮುಂದೆ ಪ್ರತಿ ಅಮಾಸಿಗೂ ಅದಕ್ಕೆ ಪೂಜೆ ತಪ್ಪಲಿಲ್ಲ.

ನಾನು ನಿವೃತ್ತ ಮಾಸ್ತರ. ಓಣಿಯ ಲಗ್ನಪತ್ರಿಕೆ, ವಾಸ್ತುಶಾಂತಿ ಕಾರ್ಡು, ತಾಲ್ಲೂಕು ಕಚೇರಿಗೆ ಹೋಗುವ ಅರ್ಜಿ ಎಲ್ಲವನ್ನೂ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಕೊಡುವುದು ನನ್ನ ಪುಕ್ಕಟೆ ಉದ್ಯೋಗ. ದೀಪಾವಳಿ ಅಮಾಸಿ ಕಳೆದು, ಎದುರುಮನೆಯ ಕಾಕಾನ ಮಗಳ ಪತ್ರಿಕೆ ಅರ್ಧ ಮುಗಿದಿದ್ದಾಗ ಡಬ್ಬಿ ನಿಂತಿತು. ಗುಂಡಿ ಒತ್ತಿದರೆ ದೀಪವಿಲ್ಲ, ಫ್ಯಾನಿಲ್ಲ, ಸದ್ದಿಲ್ಲ. ಹಳೆಯ ಕಂಪ್ಯೂಟರುಗಳು ಕೆಡುವಾಗ ಹೇಳಿ ಕೆಡುತ್ತಿದ್ದವು. ಕೆಲವು ಬಯೋಸ್‌ಗಳಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ಕಾರ್ಡಿನದು ತೊಂದರೆ ಎಂದರ್ಥ. ಇದು ಅಷ್ಟೂ ಹೇಳಲಿಲ್ಲ. ಅದು ಏನೂ ಹೇಳದ್ದರಿಂದ ಓಣಿ ಹೇಳತೊಡಗಿತು.

ಮೊದಲು ಬಂದವನು ಎದುರುಮನೆಯ ಕಾಕಾನೇ. ಡಬ್ಬಿಯ ಬೆನ್ನು ತಟ್ಟಿ, "ಮಾಸ್ತರ, ನಮ್ಮ ಪತ್ರಿಕಿ ಇದರಾಗ ಸಿಕ್ಕೊಂಡೈತೇನ್ರಿ?" ಎಂದ. ಸಿಕ್ಕಿಕೊಂಡಿಲ್ಲ, ಡಿಸ್ಕಿನಲ್ಲಿ ಸುರಕ್ಷಿತವಾಗಿದೆ ಎಂದೆ. "ಸುರಕ್ಷಿತ ಇದ್ರ ಹೊರಗ ತಗೀರಲಾ" ಎಂದ. ಇದಕ್ಕೆ ಉತ್ತರವಿರಲಿಲ್ಲ.

ಆಮೇಲೆ ಬಂದ ಹುಡುಗನೊಬ್ಬ ಟೆಸ್ಟರನ್ನು ಡಬ್ಬಿಯ ತಗಡಿಗೇ ಮುಟ್ಟಿಸಿದ. ಟೆಸ್ಟರು ಮಂದವಾಗಿ ಬೆಳಗಿತು. "ಕರೆಂಟ್ ಬಂದೈತಿ! ಆದ್ರ ಒಳಗ ಹೋಗೂದು ಬಿಟ್ಟು ಹೊರಗ ಬಂದೈತಿ" ಎಂದು ಸಾರಿದ. ಇದು ತಮಾಷೆಯಂತೆ ಕೇಳಿಸಿದರೂ ಅರ್ಧ ನಿಜ. ಎಸ್‌ಎಂಪಿಎಸ್‌ನ ಬಾಯಲ್ಲಿ ಗದ್ದಲ ಸೋಸಲು ಸಣ್ಣ ಕೆಪಾಸಿಟರುಗಳಿರುತ್ತವೆ. ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಅವುಗಳ ಮೂಲಕ ಸುಮಾರು ಅರ್ಧ ವೋಲ್ಟೇಜು ತಗಡಿಗೆ ಸೋರಿ ನಿಲ್ಲುತ್ತದೆ. ಮುಟ್ಟಿದರೆ ಬೆರಳು ಜುಮ್ಮೆನ್ನುವುದು ಅದಕ್ಕೇ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಪ್ಲಗ್ಗಿಗೆ ಮೂರನೆಯ ತೂತು ಇರುತ್ತದೆ, ಅದರ ಹಿಂದೆ ತಂತಿ ಇರುವುದು ಮನೆಯವರ ಅದೃಷ್ಟ.

ಹಲ್ಲಿಯ ಸಂಶಯ ಬರುವುದು ಸಹಜ, ಬಂತು. ಪಂಚಾಂಗದಲ್ಲಿ ಹಲ್ಲಿ ತಲೆಯ ಮೇಲೆ ಬಿದ್ದರೆ ಏನು ಫಲ, ಎಡಭುಜದ ಮೇಲೆ ಬಿದ್ದರೆ ಏನು ಫಲ ಎಂದು ಪಟ್ಟಿಯಿದೆ. ಮದರ್‌ಬೋರ್ಡಿನ ಮೇಲೆ ಬಿದ್ದರೆ ಏನೆಂದು ಯಾವ ಜೋಯಿಸನೂ ಬರೆದಿಲ್ಲ, ಬರೆಯುವ ಅಗತ್ಯವೂ ಇಲ್ಲ: ಫಲ ಇಬ್ಬರಿಗೂ ಒಂದೇ. ಬಾಗಿಲು ತೆಗೆದು ಬ್ಯಾಟರಿ ಬಿಟ್ಟು ಹುಡುಕಿದೆವು. ಹಲ್ಲಿ ಇರಲಿಲ್ಲ. ಅದರ ಮೊಟ್ಟೆಯ ಒಡೆದ ಚಿಪ್ಪುಗಳಿದ್ದವು. ಯಾರೋ ಇಲ್ಲಿ ಬಾಡಿಗೆಗಿದ್ದು ಸಂಸಾರ ಮಾಡಿ ಹೋಗಿದ್ದರು.

ಬಸದಿಯ ಓಣಿಯ ಹಿರಿಯರೊಬ್ಬರು ಚಹಾ ಕುಡಿಯುತ್ತ, "ಮಾಸ್ತರ, ನೀವು ಧೈರ್ಯಾ ಬಿಡಬ್ಯಾಡ್ರಿ" ಎಂದರು. ನಮ್ಮೂರಿನ ಗೊಂಕ ಜಿನಾಲಯದಲ್ಲಿ 1123ರ ಶಾಸನವಿದೆ. ಮಾಂಡಲಿಕ ಗೊಂಕನಿಗೆ ಹಾವು ಕಚ್ಚಿದಾಗ ಪಂಚಪರಮೇಷ್ಠಿಗಳ ನಾಮಸ್ಮರಣೆಯಿಂದ ವಿಷ ಇಳಿಯಿತೆಂದು ಅದು ಹೇಳುತ್ತದೆ. ಹಾವು ಕಚ್ಚಿದ ದೊರೆಯೇ ಎದ್ದು ಕುಳಿತ ಊರಿನಲ್ಲಿ ಸಾಂಗ್ಲಿಯ ಡಬ್ಬಿ ಏಳದೇ ಇರುತ್ತದೆಯೇ ಎಂಬುದು ಅವರ ವಾದ. ನಾನು ಮನಸ್ಸಿನಲ್ಲೇ ಒಮ್ಮೆ ಜಪಿಸಿ ಗುಂಡಿ ಒತ್ತಿದೆ. ನನ್ನ ಭಕ್ತಿ ಗೊಂಕನ ಮಟ್ಟಕ್ಕೆ ಇರಲಿಲ್ಲವೆಂದು ಕಾಣುತ್ತದೆ.

ಮಗಳ ಮಾವ, ಬನಹಟ್ಟಿಯ ಬೀಗರು, ಅಂದೇ ಬಂದವರು ಬೇರೆ ರೀತಿಯಲ್ಲಿ ಹೊರಟರು. ಅವರ ಮನೆಯಲ್ಲಿ ಸೀರೆಯ ಮಗ್ಗಗಳಿವೆ. ಮಗ್ಗದ ಮೇಲೆ ಜಕಾರ್ಡಿನ ಸರಂಜಾಮು, ಅದರಲ್ಲಿ ತೂತು ಹೊಡೆದ ರಟ್ಟಿನ ಮಾಲೆ. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಸೀರೆಯ ಅಂಚಿನ ಹೂವು ಹಾಗೆ ಬೀಳುತ್ತದೆ. ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ಮಾಡಿದ್ದು ಇದು. ಇಂಗ್ಲೆಂಡಿನ ಬ್ಯಾಬೇಜ್ ಮುಂದೆ ತನ್ನ ಲೆಕ್ಕದ ಯಂತ್ರಕ್ಕೆ ಆ ರಟ್ಟುಗಳ ಉಪಾಯವನ್ನೇ ತೆಗೆದುಕೊಂಡ. ಅಂದರೆ ಕಂಪ್ಯೂಟರ್ ಎಂಬುದು ನೇಕಾರರ ಮನೆಯಿಂದ ಕಡ ಹೋದ ಸಾಮಾನು. ಈ ಸಂಗತಿಯನ್ನು ನಾನೇ ಹಿಂದೊಮ್ಮೆ ಬೀಗರಿಗೆ ಹೇಳಿದ್ದೆ. ಅಂದಿನಿಂದ ಅವರು ನಮ್ಮ ಡಬ್ಬಿಯ ಮೇಲೆ ಹಕ್ಕು ಚಲಾಯಿಸುತ್ತಾರೆ.

"ನಮ್ಮ ಮಗ್ಗ ನಿಂದರೂದು ಕೆಟ್ಟಾಗ ಅಷ್ಟ ಅಲ್ರಿ ಬೀಗರ" ಎಂದರು ಅವರು. "ಹೊಕ್ಕಿನ ಎಳಿ ತುಂಡಾದ್ರ ತಾನ ನಿಂದರ್ತೈತಿ. ಬಟ್ಟಿ ಕೆಡಬಾರ್ದಂತ. ಇದೂ ಹಂಗ ಬೇಕಂತ ನಿಂತೈತೇನೋ ನೋಡ್ರಿ. ಎಳಿ ಎಲ್ಲಿ ಕಡದೈತಿ ಹುಡುಕ್ರಿ, ಸುಮ್ಮನ ಗುಂಡಿ ಒತ್ತಬ್ಯಾಡ್ರಿ."

ಅಷ್ಟು ಹೊತ್ತಿನವರೆಗೆ ಬಂದ ಸಲಹೆಗಳಲ್ಲಿ ಬುದ್ಧಿಯ ಮಾತು ಇದೊಂದೇ. ಎಸ್‌ಎಂಪಿಎಸ್‌ ಕೂಡ ಎಲ್ಲಾದರೂ ಶಾರ್ಟ್ ಕಂಡರೆ ತಾನಾಗಿ ನಿಲ್ಲುವ ಜಾತಿಯದು. ಆದರೆ ಎಳೆ ಹುಡುಕುವುದು ಹೇಗೆ? ವಿಡಿಯೊ ಕಾಲಿನಲ್ಲಿ ಮಗ ಸಿಕ್ಕ. ಅವನು ಹೇಳಿದ್ದರಿಂದ ಗುಂಡಿಯ ಬಗ್ಗೆ ನನಗಿದ್ದ ಕಲ್ಪನೆಯೇ ತಲೆಕೆಳಗಾಯಿತು. ಹಿಂದಿನ ಕಂಪ್ಯೂಟರುಗಳಲ್ಲಿ ಮುಂದಿನ ಸ್ವಿಚ್ಚು 230 ವೋಲ್ಟನ್ನೇ ನೇರವಾಗಿ ಬಿಡುತ್ತಿತ್ತು, ತಡೆಯುತ್ತಿತ್ತು. 1995ರಲ್ಲಿ ಇಂಟೆಲ್‌ನವರು ಎಟಿಎಕ್ಸ್ ಪದ್ಧತಿ ತಂದ ಮೇಲೆ ಗುಂಡಿಯ ಆ ಅಧಿಕಾರ ಹೋಯಿತು. ಈಗ ಗುಂಡಿ ಒತ್ತುವುದು ಅಪ್ಪಣೆಯಲ್ಲ, ಅರ್ಜಿ. ಗೋಡೆಯ ಸ್ವಿಚ್ಚು ಹಾಕಿದ ಕೂಡಲೇ ಎಸ್‌ಎಂಪಿಎಸ್‌ ನೇರಳೆ ತಂತಿಯಲ್ಲಿ 5 ವೋಲ್ಟು ಕಳಿಸಿ ಬೋರ್ಡನ್ನು ಅರೆನಿದ್ದೆಯಲ್ಲಿ ಕೂರಿಸಿರುತ್ತದೆ. ಗುಂಡಿ ಒತ್ತಿದರೆ ಬೋರ್ಡಿನ ಎರಡು ಪಿನ್ನು ಒಂದನ್ನೊಂದು ಮುಟ್ಟಿ ಅರ್ಜಿ ಸ್ವೀಕಾರವಾಗುತ್ತದೆ. ಬೋರ್ಡು ಹಸಿರು ತಂತಿಯ ಮೂಲಕ ಎಸ್‌ಎಂಪಿಎಸ್‌ಗೆ ಶಿಫಾರಸು ಮಾಡುತ್ತದೆ. ಅದು 12, 5, 3.3 ವೋಲ್ಟುಗಳನ್ನು ಎಬ್ಬಿಸಿ, ಸರಿಯಿವೆಯೇ ಎಂದು ತಾನೇ ಪರಿಶೀಲಿಸಿ, ಬೂದು ತಂತಿಯಲ್ಲಿ ಒಪ್ಪಿಗೆ ಕಳಿಸುತ್ತದೆ. ಆಮೇಲೆ ಪ್ರೊಸೆಸರು ಕಣ್ಣು ಬಿಡುತ್ತದೆ. ಇಷ್ಟೆಲ್ಲ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ. ಇದು ನನಗೆ ಚೆನ್ನಾಗಿ ಅರ್ಥವಾಯಿತು. ತೇರದಾಳ ತಾಲ್ಲೂಕಾದಾಗಿನಿಂದ ನಾನು ಬರೆದುಕೊಡುವ ಅರ್ಜಿಗಳ ಕತೆಯೂ ಇದೇ: ಕೊಟ್ಟದ್ದು ನಿಜ, ಯಾವ ಟೇಬಲ್ಲಿನಲ್ಲಿ ನಿಂತಿದೆ ಎಂಬುದು ತಿಳಿಯದು. ವ್ಯತ್ಯಾಸ ಅರ್ಧ ಸೆಕೆಂಡಿನದು ಮಾತ್ರ.

"ಅಪ್ಪಾ, ಹಸರ ತಂತಿಗೂ ಕರೇ ತಂತಿಗೂ ಒಂದು ಪಿನ್ ಹಚ್ಚಿ ನೋಡ್ರಿ" ಎಂದ ಮಗ. ಫೋನು ಹಿಡಿದ ಹೆಂಡತಿ, "ಏನ್ರಿ, ಅದನ್ನ ನೀವು ಮುಟ್ಟಬ್ಯಾಡ್ರಿ" ಎಂದಳು. ಹಾಗಾಗಿ ಮೋಟಾರು ವೈಂಡಿಂಗ್ ಮಾಡುವ ಕಾಕಾನನ್ನು ಕರೆಸಿದೆವು.

ಕೃಷ್ಣೆಯ ಈ ದಂಡೆಯ ಕಬ್ಬು, ಅರಿಷಿಣ ಎರಡೂ ಬದುಕಿರುವುದು ಇಂಥವರ ಕೈಯಲ್ಲಿ. ಪಂಪಸೆಟ್ಟು ಸುಟ್ಟಾಗ ರೈತ ಮೊದಲು ನೆನೆಯುವ ಹೆಸರು ಇವರದು. ವೈಂಡಿಂಗ್ ಕಾಕಾ ಕಂಪ್ಯೂಟರನ್ನು ಎಂದೂ ಬಿಚ್ಚಿರಲಿಲ್ಲ. ಆದರೂ ಬಂದವನೇ ಯಾರ ಮಾತೂ ಕೇಳದೆ ಒಂದೇ ಪ್ರಶ್ನೆ ಕೇಳಿದ: "ಕರೆಂಟ್ ಎಲ್ಲೀತನಕ ಬಂದೈತಿ?" ಗೋಡೆಯ ಪ್ಲಗ್ಗಿಗೆ ಬಲ್ಬು ಹಚ್ಚಿ ನೋಡಿದ, ಉರಿಯಿತು. ಟೆಸ್ಟರಿನ ಹುಡುಗನನ್ನು ಪಕ್ಕಕ್ಕೆ ಸರಿಸಿದ. ಅವನ ಪ್ರಕಾರ ಟೆಸ್ಟರು ನ್ಯೂಟ್ರಲ್ ಕಡಿದಿದ್ದರೂ ಬೆಳಗುತ್ತದೆ, ಬಲ್ಬು ಸುಳ್ಳು ಹೇಳುವುದಿಲ್ಲ. ತಂತಿ ಬದಲಿಸಿದ. ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲಿಲ್ಲ. 230 ವೋಲ್ಟು ಒಳಗೆ ಹೋಗಿ ಸುಮಾರು 325 ವೋಲ್ಟಿನ ಡಿಸಿ ಆಗಿ ಕೆಪಾಸಿಟರಿನಲ್ಲಿ ಕುಳಿತಿರುತ್ತದೆ ಎಂದು ಮಗ ಫೋನಿನಿಂದ ಕೂಗಿದಾಗ ಕಾಕಾ ಕೈ ಹಿಂದೆ ತೆಗೆದು, "ಬಾಂವಿ ಮೋಟರ್ ಆರಿಸಿದ್ರ ಸತ್ತಂಗ. ಇದು ಆರಿಸಿದ ಮ್ಯಾಲೂ ಕಚ್ಚತೈತಿ" ಎಂದ.

ಹಸಿರು ತಂತಿಗೆ ಹಚ್ಚಲು ಅವನು ತನ್ನ ಚೀಲದಿಂದ ವೈಂಡಿಂಗ್ ತಂತಿಯ ತುಂಡು ತೆಗೆದು, ಮೇಲಿನ ವಾರ್ನಿಶ್ಶನ್ನು ಬ್ಲೇಡಿನಿಂದ ಕೆರೆದು, ಯು ಆಕಾರಕ್ಕೆ ಮಣಿಸಿದ. ಬೋರ್ಡಿನಿಂದ ಕಳಚಿದ 24 ಪಿನ್ನಿನ ಗೊಂಚಲಿಗೆ ಅದನ್ನು ತುರುಕಿ ಸ್ವಿಚ್ಚು ಹಾಕಿಸಿದ. ಎಸ್‌ಎಂಪಿಎಸ್‌ನ ಫ್ಯಾನು ಗಿರ್ರೆಂದಿತು. ಪಡಸಾಲೆಯಲ್ಲಿ ಎಲ್ಲರೂ ಒಮ್ಮೆಲೇ ಮಾತಾಡಿದರು. ಸಾಂಗ್ಲಿ ನಿರಪರಾಧಿ ಎಂದಾಯಿತು. ಹಾಗಾದರೆ ತಪ್ಪು ಬೆಂಗಳೂರಿನದು ಎಂದು ಎದುರುಮನೆ ಕಾಕಾ ತೀರ್ಪು ಕೊಟ್ಟ.

ಬೆಂಗಳೂರಿನ ವಿಚಾರಣೆ ನಡೆಯಿತು. ರ‍್ಯಾಮಿನ ಪಟ್ಟಿ ತೆಗೆದು ಅದರ ಚಿನ್ನದ ಹಲ್ಲುಗಳನ್ನು ಮೊಮ್ಮಗಳ ಕಂಪಾಸಿನ ರಬ್ಬರಿನಿಂದ ಉಜ್ಜಿದೆವು. ಬೋರ್ಡಿನ ಮೇಲಿನ ರೂಪಾಯಿ ನಾಣ್ಯದಷ್ಟು ಅಗಲದ 3 ವೋಲ್ಟಿನ ಸೆಲ್ಲು ಕಳಚಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದೆವು. ಕೆಪಾಸಿಟರುಗಳ ತಲೆ ಉಬ್ಬಿವೆಯೇ ಎಂದು ಬೀಗರು ಬೆರಳಾಡಿಸಿ ನೋಡಿದರು, ಎಲ್ಲ ಸಪಾಟಾಗಿದ್ದವು. ಡಬ್ಬಿ ಏಳಲಿಲ್ಲ.

ವೈಂಡಿಂಗ್ ಕಾಕಾ ಬೀಡಿ ಹಚ್ಚಲು ಹೊರಗೆ ಹೋಗಿ ಬಂದ. "ತಮ್ಮಾ, ಆ ಗುಂಡಿ ಮಾಡೂ ಕೆಲಸ ಎರಡು ಪಿನ್ನು ಕೂಡಸೂದಲ್ಲೇನು?" ಎಂದು ಫೋನಿನಲ್ಲಿದ್ದವನನ್ನು ಕೇಳಿದ. ಹೌದೆಂದ ಮಗ. "ಹಂಗಾರ ಗುಂಡಿ ಯಾಕ ಬೇಕು?" ಎಂದು ಬೋರ್ಡಿನ ಮೂಲೆಯಲ್ಲಿದ್ದ ಪವರ್ ಸ್ವಿಚ್ಚಿನ ವೈರು ಕಿತ್ತು, ಆ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿದ. ಡಬ್ಬಿ ಎದ್ದಿತು. ಎಲ್ಲ ಫ್ಯಾನುಗಳೂ ತಿರುಗಿದವು, ಪರದೆಯ ಮೇಲೆ ಅಕ್ಷರ ಮೂಡಿದವು, ಎದುರುಮನೆ ಕಾಕಾ ಮಗಳ ಹೆಸರು ಹಿಡಿದು ಕೂಗಿದ.

ಸಾವಿರಾರು ರೂಪಾಯಿಯ ಬೋರ್ಡು ಸರಿ, ಪ್ರೊಸೆಸರು ಸರಿ, ಎಸ್‌ಎಂಪಿಎಸ್‌ ಸರಿ. ಕೆಟ್ಟದ್ದು ಎಲ್ಲಕ್ಕಿಂತ ಅಗ್ಗದ ಮಾಲು. ಮುಂದಿನ ಪ್ಲಾಸ್ಟಿಕ್ಕಿನ ಮುಖ ಬಿಚ್ಚಿ ಗುಂಡಿಯನ್ನು ಹೊರಗೆ ತೆಗೆದಾಗ ಅದರ ಹಿಂದೆ ಹಳದಿ ಗಾರೆ ಕಟ್ಟಿತ್ತು. ನೀರಲ್ಲಿ ಕಲಸಿದ ಅರಿಷಿಣ, ಮೇಲೆ ಕುಂಕುಮ. ಪದರದ ಮೇಲೆ ಪದರ. ಅಮಾಸಿಗೊಂದು ಪದರ ಎಂದು ಎಲ್ಲರಿಗೂ ತಿಳಿಯಿತು, ಯಾರೂ ಆಡಲಿಲ್ಲ. ಡಬ್ಬಿಯ ಮುಖದಲ್ಲಿ ಹಣೆಯಂತೆ ಕಾಣುವ ಜಾಗ ಅದೊಂದೇ ಇತ್ತಲ್ಲ, ಅವ್ವ ಇನ್ನೆಲ್ಲಿ ಬೊಟ್ಟು ಇಡಬೇಕಿತ್ತು? ಬೀಗರು ಮೆಲ್ಲಗೆ, "ಲಾರಿ ಧೂಳ ಇರಬೇಕ್ರಿ" ಎಂದರು. ಎಲ್ಲರೂ ಸಾಂಗ್ಲಿಯ ಲಾರಿಯನ್ನು ಒಮ್ಮತದಿಂದ ಬಯ್ದೆವು.

ವೈಂಡಿಂಗ್ ಕಾಕಾ ಅಷ್ಟಕ್ಕೆ ಬಿಡಲಿಲ್ಲ. ಕೆಳಗಿದ್ದ ಸಣ್ಣ ಗುಂಡಿಯನ್ನು ತೋರಿಸಿ, "ಇದ್ಯಾತರದು?" ಎಂದ. ರೀಸೆಟ್ ಎಂದೆ. "ಯಾವಾಗರ ಒತ್ತೀರಿ?" ಇಲ್ಲ. "ಹಂಗಾರ ಕುಂತು ಉಣ್ಣಾಕತೈತಿ" ಎಂದು ಅದರ ವೈರನ್ನು ತೆಗೆದು ಪವರ್ ಪಿನ್ನುಗಳಿಗೆ ಸಿಕ್ಕಿಸಿದ. ಎರಡೂ ಒಂದೇ ಬಗೆಯ ಗುಂಡಿಗಳು, ಒತ್ತಿದಾಗ ಕೂಡುತ್ತವೆ, ಬಿಟ್ಟಾಗ ಬಿಡುತ್ತವೆ. ಬೋರ್ಡಿಗೆ ಯಾವುದು ಒತ್ತಿದರೂ ಒಂದೇ. ಮಗ ಫೋನಿನಲ್ಲಿ ಚಪ್ಪಾಳೆ ತಟ್ಟಿದ. ದೊಡ್ಡ ಗುಂಡಿಯನ್ನು ಒರೆಸಿ, ನೋಡಲು ಖಾಲಿ ಕಾಣಬಾರದೆಂದು, ಮತ್ತೆ ಅದರ ಜಾಗದಲ್ಲೇ ಕೂರಿಸಿದೆವು. ಕೂಲಿಯ ಮಾತೆತ್ತಿದರೆ ಕಾಕಾ, "ರೊಕ್ಕಾ ಬ್ಯಾಡ್ರಿ, ಹೊಲದ ಉತಾರ ಒಂದ ತಗದ ಕೊಡ್ರಿ" ಎಂದ. ತೆಗೆದುಕೊಟ್ಟೆ. ಲಗ್ನಪತ್ರಿಕೆಯೂ ಅಂದೇ ಮುಗಿಯಿತು.

ಅವ್ವ ಇಷ್ಟೂ ಹೊತ್ತು ಬಾಗಿಲ ಬಳಿ ಕುಳಿತು ನೋಡುತ್ತಿದ್ದಳು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಬಗ್ಗಿ ಡಬ್ಬಿಯ ಮುಖ ನೋಡಿದಳು.

"ಹಂಗಾರ ಈಗ ದುಡಿಯಾಕತ್ತಿದ್ದು ಈ ಸಣ್ಣ ಗುಂಡಿ ಅಲ್ಲೇನೋ?"

"ಹೌದವ್ವಾ."

"ಬರೂ ಅಮಾಸಿಗೆ ನೆನಪ ಮಾಡು. ಇನ್ನ ಮ್ಯಾಲ ಕುಂಕುಮ ಇದಕ್ಕ."